ಅರವತ್ತು ಪೈಸೆಯ ಲೆಕ್ಕ

(ಗದಗಿನ ಒಂದು ಕಾಲೇಜಿನಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಉಳಿದದ್ದು ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ. ಡಿಜಿಟಲ್ ಕಾಲದಲ್ಲಿ ಪುಸ್ತಕ ಪ್ರಕಾಶನದ ಸವಾಲುಗಳ ಬಗ್ಗೆ ಮಾತಾಡಬೇಕು ಅಂತ ಕರೆದಿದ್ದೀರಿ. ಆಮಂತ್ರಣ ಪತ್ರಿಕೆ ನನಗೆ ವಾಟ್ಸ್ಆ್ಯಪ್‌ನಲ್ಲಿ ಬಂತು. ಚೆನ್ನಾಗಿತ್ತು, ಬಣ್ಣಬಣ್ಣದ್ದು. ‘ಇದನ್ನ ಅಚ್ಚು ಹಾಕಿಸಿದ್ದೀರಾ?’ ಅಂತ ಫೋನ್ ಮಾಡಿ ಕೇಳಿದೆ. ‘ಇಲ್ರೀ ಸರ್, ಈಗ ಯಾರ ಹಾಕಸ್ತಾರ್ರಿ?’ ಅಂದರು. ಅಲ್ಲಿಗೆ ನನ್ನ ಉಪನ್ಯಾಸ ಅರ್ಧ ಮುಗಿದ ಹಾಗೇ.

ನಗಬೇಡಿ, ನಿಜವಾಗಿ ಹೇಳ್ತಿದ್ದೇನೆ. ನನ್ನ ಅಪ್ಪ ಇದೇ ಊರಿನ ಒಂದು ಪ್ರೆಸ್ಸಿನಲ್ಲಿ ಕಂಪೋಸಿಟರ್ ಆಗಿದ್ದರು. ಗದಗನ್ನು ಮುದ್ರಣ ಕಾಶಿ ಅಂತ ಕರೆಯುತ್ತಿದ್ದ ಕಾಲ. ಎಡಗೈಯಲ್ಲಿ ಸ್ಟಿಕ್, ಮುಂದೆ ಕೇಸು, ಕೇಸಿನ ಒಂದೊಂದು ಮನೆಯಲ್ಲಿ ಒಂದೊಂದು ಅಚ್ಚುಮೊಳೆ. ಕನ್ನಡಕ್ಕೆ ಅಕ್ಷರ ಮಾತ್ರ ಇದ್ದರೆ ಸಾಲದಲ್ಲ, ಕಾಗುಣಿತ ಬೇಕು, ಒತ್ತು ಬೇಕು. ಇಂಗ್ಲಿಷ್ ಕೇಸಿಗಿಂತ ಹಲವು ಪಟ್ಟು ಮನೆಗಳು. ಮೊಳೆಯ ಮೇಲಿನ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರುತ್ತದೆ. ಅಪ್ಪ ಅದನ್ನು ದಿನಪತ್ರಿಕೆ ಓದಿದಷ್ಟು ಸಲೀಸಾಗಿ ಓದುತ್ತಿದ್ದರು. ಸಂಜೆ ಮನೆಗೆ ಬಂದರೆ ಬೆರಳ ತುದಿ ಕಪ್ಪು. ಸೋಪು ಹಚ್ಚಿ ಕೈ ತೊಳೆಯದೆ ತಟ್ಟೆ ಮುಟ್ಟಲು ಅವ್ವ ಬಿಡುತ್ತಿರಲಿಲ್ಲ. ಮೊಳೆ ಸೀಸದ್ದು ಅಲ್ವಾ.

ಆ ಪ್ರೆಸ್ಸಿನಲ್ಲಿ ಪುಸ್ತಕಗಳು ಹೆಚ್ಚಾಗಿ ಅಚ್ಚಾಗುತ್ತಿದ್ದದ್ದು ಆಷಾಢದಲ್ಲಿ. ಯಾಕೆ ಹೇಳಿ? ಆಷಾಢದಲ್ಲಿ ಮದುವೆ ಇಲ್ಲ. ವೈಶಾಖ ಜ್ಯೇಷ್ಠ ಪೂರ್ತಿ ಲಗ್ನಪತ್ರಿಕೆ, ಶ್ರಾವಣದ ಮೇಲೆ ಮತ್ತೆ ಪ್ರವಚನ, ಜಾತ್ರೆ, ನಾಟಕ ಕಂಪನಿಯ ಹ್ಯಾಂಡ್‌ಬಿಲ್ಲು. ಜೊತೆಗೆ ಅಂಗಡಿಗಳ ರಸೀದಿ ಪುಸ್ತಕ, ಸೊಸೈಟಿಯ ವಾರ್ಷಿಕ ವರದಿ. ಪ್ರೆಸ್ಸಿನ ಬಾಡಿಗೆ, ಕರೆಂಟ್ ಬಿಲ್ಲು, ಅಪ್ಪನ ಪಗಾರ ಎಲ್ಲ ಹುಟ್ಟುತ್ತಿದ್ದದ್ದು ಅದರಿಂದ. ನಡುವೆ ಮೆಷಿನ್ ಖಾಲಿ ಕೂರಬಾರದು ಅಂತ ಯಾರೋ ಮೇಷ್ಟ್ರ ಕವನ ಸಂಕಲನ, ಇನ್ಯಾರದೋ ಕಾದಂಬರಿ. ಅದಕ್ಕೆ ಮಾಲೀಕರು ಕಡಿಮೆ ರೇಟು ಹಾಕುತ್ತಿದ್ದರು, ದುಡ್ಡಿಗೆ ಅವಸರ ಮಾಡುತ್ತಿರಲಿಲ್ಲ. ಕನ್ನಡದ ಎಷ್ಟೋ ಪುಸ್ತಕಗಳ ಖರ್ಚನ್ನು ಯಾರದೋ ಮದುವೆಯ ಲಗ್ನಪತ್ರಿಕೆ ಹೊತ್ತಿದೆ.

ಈಗ ಲಗ್ನಪತ್ರಿಕೆ ಫೋನಿಗೆ ಬರುತ್ತದೆ. ದೇವರ ಮುಂದಿಡಲು, ಬೀಗರಿಗೆ ಕೊಡಲು 50 ಅಚ್ಚು ಹಾಕಿಸಿದರೆ ಹೆಚ್ಚು. ರಸೀದಿ ಪುಸ್ತಕದ ಜಾಗಕ್ಕೆ ಕ್ಯೂಆರ್ ಕೋಡ್ ಬಂದು ಕೂತಿದೆ. ಡಿಜಿಟಲ್ ಅಂದ ತಕ್ಷಣ ನಾವೆಲ್ಲ ಇ-ಬುಕ್ಕು, ಕಿಂಡಲ್ಲು ಅಂತ ಮಾತಾಡುತ್ತೇವೆ. ಸಣ್ಣ ಊರಿನ ಪ್ರೆಸ್ಸಿಗೆ ಏಟು ಬಿದ್ದದ್ದು ಅಲ್ಲಿಂದಲ್ಲ, ಲಗ್ನಪತ್ರಿಕೆಯಿಂದ. ಪಕ್ಕದ ಓಣಿಯಲ್ಲಿದ್ದ ಪ್ರೆಸ್ಸು ಮುಚ್ಚಿತು. ನಾನು ಪ್ರಕಾಶಕ, ನಾನು ತರುವ ಪುಸ್ತಕ ಈಗ ಬೆಂಗಳೂರಿನಲ್ಲಿ ಅಚ್ಚಾಗಿ ಲಾರಿಯಲ್ಲಿ ಬರುತ್ತದೆ. ಕರಡು ತಿದ್ದಲು ಪ್ರೆಸ್ಸಿಗೇ ಹೋಗಿ ಒಂದು ಚಹಾ ಕುಡಿದು ಬರುವ ಪದ್ಧತಿಯೂ ಮುಗಿಯಿತು.

ಹಾಗಂತ ಕಂಪ್ಯೂಟರನ್ನು ಬೈಯಲು ನಾನು ಬಂದಿಲ್ಲ. ಪುಸ್ತಕ ಮಾಡುವುದು ಇವತ್ತಿನಷ್ಟು ಸುಲಭ ಯಾವತ್ತೂ ಇರಲಿಲ್ಲ. ಅಪ್ಪ ವಾರಗಟ್ಟಲೆ ಮೊಳೆ ಜೋಡಿಸುತ್ತಿದ್ದ ಕೆಲಸವನ್ನು ಇವತ್ತು ಮನೆಯಲ್ಲಿ ಕೂತ ಒಬ್ಬ ಹುಡುಗಿ ನಾಲ್ಕು ದಿನದಲ್ಲಿ ಮುಗಿಸುತ್ತಾಳೆ. ಕಷ್ಟ ಬೇರೆ ಕಡೆ ಇದೆ. ಅದನ್ನು ಹೇಳಲು ಒಂದು ಲೆಕ್ಕ ತಂದಿದ್ದೇನೆ. ಪೆನ್ನು ಇದ್ದವರು ಬರೆದುಕೊಳ್ಳಿ, ಇಲ್ಲದವರು ಮೊಬೈಲ್ ತೆಗೆಯಿರಿ, ನನಗೇನೂ ಬೇಜಾರಿಲ್ಲ.

ಕಳೆದ ವರ್ಷ ಹೊಸಬರೊಬ್ಬರ ಕಥಾ ಸಂಕಲನ ತಂದೆ. ಡೆಮಿ ಸೈಜು, 160 ಪುಟ. ಒಂದು ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗುವ 16 ಪುಟಕ್ಕೆ ಒಂದು ಫಾರಂ, ಅಂದರೆ ಹತ್ತು ಫಾರಂ. 500 ಪ್ರತಿ. ಕಾಗದ, ಪ್ಲೇಟು, ಮುದ್ರಣ, ಬೈಂಡಿಂಗ್ ಎಲ್ಲ ಸೇರಿ ಪ್ರತಿಗೆ 75 ರೂಪಾಯಿ ಬಿತ್ತು. ಬೆಲೆ 200 ಇಟ್ಟೆ. ಅಂಗಡಿಗೆ 40 ಪರ್ಸೆಂಟ್ ಕಮಿಷನ್, ಅಂದರೆ 80 ಹೋಯಿತು. ಉಳಿದದ್ದು 120. ಅದರಲ್ಲಿ ಅಚ್ಚಿನ 75 ಕಳೆದರೆ 45. ಲೇಖಕರಿಗೆ 10 ಪರ್ಸೆಂಟ್ ರಾಯಲ್ಟಿ, 20 ರೂಪಾಯಿ. ಉಳಿದದ್ದು 25. ಇನ್ನು ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವುದು, ಪುಟಕ್ಕೆ 30ರಂತೆ 4,800. ಕರಡು ತಿದ್ದಿದವರಿಗೆ ಪುಟಕ್ಕೆ 15ರಂತೆ 2,400. ಮುಖಪುಟ ಮಾಡಿದ ಕಲಾವಿದರಿಗೆ 5,000. ಒಟ್ಟು 12,200. ಅದನ್ನು 500 ಪ್ರತಿಗೆ ಹಂಚಿದರೆ ಒಂದಕ್ಕೆ 24 ರೂಪಾಯಿ 40 ಪೈಸೆ.

ನನ್ನ ಕೈಗೆ ಎಷ್ಟು ಉಳಿಯಿತು? ಪ್ರತಿಗೆ 60 ಪೈಸೆ. ಅದೂ 500 ಪ್ರತಿಯೂ ಮಾರಾಟವಾಗಿ, ಅಂಗಡಿಯವರೆಲ್ಲ ದುಡ್ಡು ಕೊಟ್ಟರೆ. ಲಾರಿ ಬಾಡಿಗೆ, ಗೋಡೌನು, ಪತ್ರಿಕೆಗಳಿಗೆ ಕಳಿಸಿದ ಪ್ರತಿ, ‘ನಮಗೊಂದು ಗೌರವ ಪ್ರತಿ ಇಲ್ವಾ’ ಅಂತ ಕೇಳುವ ಸ್ನೇಹಿತರು, ಇದ್ಯಾವುದನ್ನೂ ಲೆಕ್ಕಕ್ಕೆ ಹಿಡಿದಿಲ್ಲ.

ಸಾವಿರ ಪ್ರತಿ ಹಾಕಿಸಿದ್ದರೆ ಅಚ್ಚಿನ ಖರ್ಚು 50ರ ಆಸುಪಾಸಿಗೆ ಇಳಿಯುತ್ತಿತ್ತು. ಮೊದಲೆಲ್ಲ ಸಾವಿರವೇ ವಾಡಿಕೆ. ಈಗ ಹೊಸಬರ ಕಥೆಗೆ ಸಾವಿರ ಹಾಕಿಸಿದರೆ ಬಂಡಲ್ಲುಗಳ ಮೇಲೆ ನಾನೇ ಮಲಗಬೇಕು. ಬೇಕಾದಷ್ಟೇ ಅಚ್ಚು ಹಾಕುವ ಪ್ರಿಂಟ್ ಆನ್ ಡಿಮಾಂಡ್ ಇದೆಯಲ್ಲ ಅಂತೀರಿ. ಇದೆ. 20 ಪ್ರತಿ ಬೇಕಾದರೂ ಹಾಕಿಕೊಡುತ್ತಾರೆ. ಇದೇ ಪುಸ್ತಕಕ್ಕೆ ಕೇಳಿದರೆ ಪ್ರತಿಗೆ ಸುಮಾರು 110 ಹೇಳಿದರು. ಹಳೇ ಪುಸ್ತಕ ಸ್ಟಾಕಿನಲ್ಲಿ ಉಳಿಸಿಕೊಳ್ಳಲು ಅದು ದೊಡ್ಡ ಉಪಕಾರ. ಹೊಸ ಪುಸ್ತಕ ಅಂಗಡಿಗೆ ಕೊಡಲು ಹೋದರೆ ಕೈಯಿಂದಲೇ ಹಾಕಬೇಕು.

ಕಾಗದದ ಕಥೆ ಎರಡೇ ಮಾತಲ್ಲಿ ಹೇಳಿಬಿಡುತ್ತೇನೆ. ಭದ್ರಾವತಿಯಲ್ಲಿ 1936ರಲ್ಲಿ ಶುರುವಾದ ನಮ್ಮದೇ ಕಾಗದದ ಕಾರ್ಖಾನೆ ಇತ್ತು, ಎಂಪಿಎಂ, ಅಂದರೆ ಮೈಸೂರು ಪೇಪರ್ ಮಿಲ್ಸ್. 2015ರ ಹೊತ್ತಿಗೆ ಅದರ ಯಂತ್ರಗಳು ನಿಂತವು. 2022ರಲ್ಲಿ ಕಾಗದದ ರೇಟು ಹೇಗೆ ಏರಿತೆಂದರೆ, ಪ್ರಿಂಟರು ಕೊಟೇಶನ್ ಕೊಟ್ಟು ಕೆಳಗೆ ‘ಒಂದು ವಾರಕ್ಕೆ ಮಾತ್ರ’ ಅಂತ ಬರೆಯುತ್ತಿದ್ದರು. ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ ಅಂತ ಎಲ್ಲರೂ ಸಂತೋಷಪಡುತ್ತಾರೆ. ಆದರೆ ಕಾಗದಕ್ಕೆ ಇದೆ, ಮುದ್ರಣಕ್ಕೆ ಇದೆ. ಮಾರುವಾಗ ತೆರಿಗೆ ಇಲ್ಲದ್ದರಿಂದ, ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ವಾಪಸ್ ಹಿಡಿದುಕೊಳ್ಳಲು ಬರುವುದಿಲ್ಲ. ಅದೂ ಆ 75 ರೂಪಾಯಿಯೊಳಗೇ ಸೇರಿದೆ.

ಇರಲಿ. ಈ ಸಾವಿರ ಪ್ರತಿ ಮೊದಲು ಎಲ್ಲಿಗೆ ಹೋಗುತ್ತಿತ್ತು? ನಿಮ್ಮ ಅಜ್ಜಿಯರನ್ನು ಕೇಳಿ. ಪ್ರತಿ ಊರಲ್ಲೂ ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು. ತಿಂಗಳಿಗಿಷ್ಟು ಚಂದಾ ಅಥವಾ ಪುಸ್ತಕಕ್ಕಿಷ್ಟು ಬಾಡಿಗೆ. ನಮ್ಮ ಓಣಿಯ ಲೈಬ್ರರಿಯಿಂದ ಅವ್ವ ತರಿಸಿದ ಕಾದಂಬರಿ ನಾಲ್ಕು ಮನೆ ತಿರುಗಿ ವಾಪಸ್ ಹೋಗುತ್ತಿತ್ತು. ಹುಣಸೆ ತೊಕ್ಕಿನ ಕಲೆ ಇಲ್ಲದ ಪುಟ ಇರುತ್ತಿರಲಿಲ್ಲ. ಹೊಸ ಕಾದಂಬರಿ ಬಂದರೆ ಈ ಲೈಬ್ರರಿಯವರು ಮೊದಲು ಕೊಳ್ಳುತ್ತಿದ್ದರು. ಜೊತೆಗೆ ವಾರಪತ್ರಿಕೆ, ಮಾಸಪತ್ರಿಕೆಗಳು. ‘ಕಸ್ತೂರಿ’ 1956ರಲ್ಲಿ ಬಂತು, ‘ಸುಧಾ’ 1965ರಲ್ಲಿ, ‘ಮಯೂರ’ 1968ರಲ್ಲಿ. ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿಗೆ ಪುಸ್ತಕವಾಗುವ ಮೊದಲೇ ಓದುಗರು ಇರುತ್ತಿದ್ದರು. ಪ್ರಕಾಶಕ ಡಂಗುರ ಹೊಡೆಯಬೇಕಿರಲಿಲ್ಲ.

ಈ ಲೈಬ್ರರಿಗಳು ಮುಚ್ಚಿದ್ದು ಮೊಬೈಲಿನಿಂದ ಅಂದುಕೊಂಡರೆ ತಪ್ಪು. ಟಿವಿ ಸೀರಿಯಲ್ಲುಗಳು ಆ ಕೆಲಸವನ್ನು ಮೊದಲೇ ಮಾಡಿದ್ದವು. ಮೊಬೈಲು ಬಂದು ಉಳಿದಿದ್ದ ಸಂಜೆಯನ್ನೂ ತೆಗೆದುಕೊಂಡಿತು. ಜನರ ಹತ್ತಿರ ಪುಸ್ತಕಕ್ಕೆ ದುಡ್ಡಿಲ್ಲ ಅನ್ನುವ ಮಾತನ್ನು ನಾನು ನಂಬುವುದಿಲ್ಲ. ಹೋಟೆಲಿನಲ್ಲಿ ಎರಡು ಮಸಾಲೆದೋಸೆ, ಎರಡು ಕಾಫಿ ತಗೊಂಡರೆ ಪುಸ್ತಕದ ಬೆಲೆಯ ಹತ್ತಿರ ಹೋಗುತ್ತದೆ. ಪುಸ್ತಕ ಕೊಂಡವರೇ ‘ಓದೋಕೆ ಟೈಮೇ ಸಿಗ್ಲಿಲ್ಲ ಸರ್’ ಅಂತಾರೆ. ಅದು ನನಗೆ ಜಾಸ್ತಿ ಹೆದರಿಕೆ ಹುಟ್ಟಿಸುವ ಮಾತು. ಓದದವರು ಎರಡನೇ ಪುಸ್ತಕ ಕೊಳ್ಳುವುದಿಲ್ಲವಲ್ಲ.

ಖಾಸಗಿ ಲೈಬ್ರರಿ ಹೋದ ಮೇಲೆ ಪ್ರಕಾಶಕರಿಗೆ ಉಳಿದ ದೊಡ್ಡ ಗಿರಾಕಿ ಸರ್ಕಾರ. ನೀವು ಮನೆ ತೆರಿಗೆ ಕಟ್ಟಿದ ರಸೀದಿ ನೋಡಿ, ಗ್ರಂಥಾಲಯ ಕರ ಅಂತ 6 ಪರ್ಸೆಂಟ್ ಇರುತ್ತದೆ. ಸಾರ್ವಜನಿಕ ಗ್ರಂಥಾಲಯಗಳಿಗೆ 300 ಪ್ರತಿ ಕೊಳ್ಳುವ ಏಕಗವಾಕ್ಷಿ ಯೋಜನೆ ಇದೆ. ಅದು ಇಲ್ಲದಿದ್ದರೆ ಕನ್ನಡದ ಎಷ್ಟೋ ಗಂಭೀರ ಪುಸ್ತಕಗಳು ಹುಟ್ಟುತ್ತಲೇ ಇರಲಿಲ್ಲ. ಇದನ್ನು ಕೃತಜ್ಞತೆಯಿಂದಲೇ ಹೇಳುತ್ತೇನೆ. ಆದರೆ ಅದರಿಂದ ನಮಗೆ ಒಂದು ಕೆಟ್ಟ ಚಾಳಿಯೂ ಅಂಟಿತು. 300 ಅಲ್ಲಿಗೆ, 50 ಲೇಖಕರಿಗೆ, ಉಳಿದದ್ದು ಸುಮ್ನೆ. ಓದುಗ ಯಾರು, ಎಲ್ಲಿದ್ದಾನೆ ಅಂತ ತಿಳಿದುಕೊಳ್ಳುವ ಗೋಜಿಗೇ ನಾವು ಹೋಗಲಿಲ್ಲ.

ಇನ್ನು ಡಿಜಿಟಲ್ ವಿಷಯ. ಅಲ್ಲೂ ನಮ್ಮ ಮನೆಯೊಳಗಿನ ತೊಂದರೆಯೇ ಮೊದಲು. 2003ರಲ್ಲಿ ನಾನು ತಂದಿದ್ದ ಒಂದು ಪುಸ್ತಕಕ್ಕೆ ಈಚೆಗೆ ಬೇಡಿಕೆ ಬಂತು. ಸಿಡಿ ಹುಡುಕಿ ತೆಗೆದೆ. ಸಿಡಿ ಓದಲು ಡ್ರೈವ್ ಇರುವ ಕಂಪ್ಯೂಟರ್ ಹುಡುಕಲು ಎರಡು ದಿನ. ಒಳಗೆ ಆಗ ಪುಟ ಜೋಡಿಸಲು ಬಳಸುತ್ತಿದ್ದ ಪೇಜ್‌ಮೇಕರ್ ತಂತ್ರಾಂಶದ ಫೈಲು. ತೆರೆದರೆ ಪುಟದ ತುಂಬ ಇಂಗ್ಲಿಷ್ ಅಕ್ಷರದ ಮೇಲೆ ಕೊಂಬು, ಬಾಲ ಬೆಳೆದಂಥ ಗುರುತುಗಳು. ಒಂದು ಸಾಲೂ ಕನ್ನಡವಿಲ್ಲ. ಆಗಿನ ಫಾಂಟುಗಳು ಹಾಗೇ ಇದ್ದವು. ಕಂಪ್ಯೂಟರಿಗೆ ಅದು ಕನ್ನಡ ಅಂತ ಗೊತ್ತೇ ಇರಲಿಲ್ಲ. ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಂಡು ಚಿತ್ರಗಳನ್ನು ಕೂರಿಸಿ ಕಣ್ಣಿಗೆ ಕನ್ನಡ ಕಾಣುವಂತೆ ಮಾಡಿದ್ದರು. ಆ ಫಾಂಟ್ ಇಲ್ಲದ ಕಡೆ ಎಲ್ಲ ಚಿಂದಿ.

ಕನ್ನಡದ ಒಂದೊಂದು ಅಕ್ಷರಕ್ಕೂ ಕಂಪ್ಯೂಟರಿನಲ್ಲಿ ಅದರದೇ ಸಂಖ್ಯೆ ಇರುವ ವ್ಯವಸ್ಥೆ ಯೂನಿಕೋಡು. ಅದಕ್ಕೆ ತಿರುಗಿಸುವ ತಂತ್ರಾಂಶ ಹಾಕಿದೆವು. ಮುಕ್ಕಾಲು ಪಾಲು ಸರಿಯಾಯಿತು. ಅರ್ಕಾವೊತ್ತು ಮಾತ್ರ ಕೈಕೊಟ್ಟಿತು. ನಾವು ‘ರ್’ ಅನ್ನು ಮೊದಲು ಹೇಳಿ, ಬರೆಯುವಾಗ ಮುಂದಿನ ಅಕ್ಷರದ ಆಚೆಗೆ ಬರೆಯುತ್ತೇವೆ. ಹಳೇ ಫಾಂಟು ಬರೆದ ಕ್ರಮ ಹಿಡಿಯುತ್ತದೆ, ಯೂನಿಕೋಡು ಹೇಳುವ ಕ್ರಮ ಹಿಡಿಯುತ್ತದೆ. ಜಗಳ ಅಲ್ಲೇ. ಧರ್ಮ ಹೋಗಿ ‘ಧಮರ್’ ಆಯಿತು, ಕಾರ್ಯ ‘ಕಾಯರ್’ ಆಯಿತು. ನೀವು ಅಂತರ್ಜಾಲದಲ್ಲಿ ‘ಕನಾರ್ಟಕ’ ಅಂತ ನೋಡಿರುತ್ತೀರಿ. ಅದು ಯಾರೋ ಕನ್ನಡ ಬಾರದವರು ಬರೆದದ್ದಲ್ಲ, ಇದೇ ರೋಗ. 240 ಪುಟದ ಅರ್ಕಾವೊತ್ತುಗಳನ್ನು ಒಂದೊಂದಾಗಿ ಹುಡುಕಿ ಕೂರಿಸಲು ನನಗೆ ಒಂದು ತಿಂಗಳು ಹಿಡಿಯಿತು. ಅಪ್ಪ ಇದ್ದಿದ್ದರೆ ಮೊಳೆ ಜೋಡಿಸಿ ಇಷ್ಟರಲ್ಲಿ ಮುಗಿಸುತ್ತಿದ್ದರೇನೋ. ಕನ್ನಡದಲ್ಲಿ ಇಪ್ಪತ್ತು ಮೂವತ್ತು ವರ್ಷದ ಎಷ್ಟೋ ಪುಸ್ತಕಗಳು ಹೀಗೆ ಸಿಡಿಯಲ್ಲಿ ಬಿದ್ದಿವೆ. ಅಚ್ಚಾದ ಪ್ರತಿ ಗಟ್ಟಿಯಾಗಿದೆ, ಡಿಜಿಟಲ್ ಪ್ರತಿ ಹಾಳಾಗಿದೆ. ತಮಾಷೆ ನೋಡಿ.

ಇ-ಬುಕ್ಕಿನ ಮಾತು. ಕಿಂಡಲ್ 2016ರ ಕೊನೆಗೆ ಭಾರತದ ಐದು ಭಾಷೆಗಳ ಪುಸ್ತಕ ತಂದಿತು. ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಕನ್ನಡ ಇರಲಿಲ್ಲ. ಯಾರೋ ಬಂದು ಮಾಡಿಕೊಡಲಿ ಅಂತ ಕೂರದೆ ಕನ್ನಡದವರೇ 2020ರಲ್ಲಿ ಮೈಲ್ಯಾಂಗ್ ಅಂತ ಇ-ಬುಕ್ಕು, ಆಡಿಯೋ ಪುಸ್ತಕಗಳ ಆ್ಯಪ್ ತಂದರು. ಆಡಿಯೋ ಪುಸ್ತಕದ ಬಗ್ಗೆ ನನಗೆ ಮೊದಲು ಅಸಡ್ಡೆ ಇತ್ತು. ಪುಸ್ತಕ ಓದಬೇಕು, ಕೇಳುವುದೇನು ಅಂತ. ಆಮೇಲೆ ಅಮೆರಿಕದಲ್ಲಿರುವ ನನ್ನ ಅಕ್ಕನ ಮಗ ಕಾರಿನಲ್ಲಿ ಕನ್ನಡ ಕಥೆ ಹಾಕಿ, ಹಿಂದಿನ ಸೀಟಿನಲ್ಲಿ ಅವನ ಮಗಳು ಕೇಳುತ್ತ ಕೂತ ವೀಡಿಯೊ ಕಳಿಸಿದ. ಆ ಮಗುವಿಗೆ ಕನ್ನಡ ಅಕ್ಷರ ಬರುವುದಿಲ್ಲ, ಕಿವಿಗೆ ಬರುತ್ತದೆ. ಅಚ್ಚಿನ ಪುಸ್ತಕ ಅಲ್ಲಿಗೆ ಹೋಗುವುದೇ ಇಲ್ಲ. ನಾನು ಬಾಯಿ ಮುಚ್ಚಿಕೊಂಡೆ.

ಪಿಡಿಎಫ್ ಬಗ್ಗೆ ಹೇಳದಿದ್ದರೆ ಉಪನ್ಯಾಸ ಪೂರ್ತಿಯಾಗುವುದಿಲ್ಲ. ಒಂದು ದಿನ ಪರಿಚಯದವರೊಬ್ಬರು ವಾಟ್ಸ್ಆ್ಯಪ್‌ನಲ್ಲಿ ‘ಛಲೋ ಪುಸ್ತಕ ಐತ್ರಿ, ಓದ್ರಿ’ ಅಂತ ಒಂದು ಪಿಡಿಎಫ್ ಕಳಿಸಿದರು. ತೆರೆದರೆ ನಾನೇ ಪ್ರಕಟಿಸಿದ ಪುಸ್ತಕ. ಯಾರೋ ಮೊಬೈಲಿನಿಂದ ಒಂದೊಂದೇ ಪುಟ ಫೋಟೋ ತೆಗೆದಿದ್ದಾರೆ. 43ನೇ ಪುಟದಲ್ಲಿ ಅವರ ಹೆಬ್ಬೆರಳು ಕಾಣುತ್ತದೆ, ಉಗುರಿಗೆ ಅರಿಶಿನ ಹತ್ತಿದೆ. ಪಾಪ, ಅಡುಗೆ ಮುಗಿಸಿ ಕೂತು 180 ಪುಟ ತೆಗೆದಿದ್ದಾರೆ. ಕಳಿಸಿದವರಿಗೆ ಫೋನ್ ಮಾಡಿ ‘ಇದು ನಮ್ಮದೇ ಪುಸ್ತಕ ರೀ’ ಅಂದೆ. ಅವರಿಗೆ ಖುಷಿಯೋ ಖುಷಿ. ‘ಹೌದೇನ್ರಿ! ಹಂಗಾರ 87ನೇ ಪುಟ ಬಿಟ್ಟು ಹೋಗೈತಿ, ಒಂದ್ ಫೋಟೋ ತಗದ್ ಕಳಸ್ರಿ’ ಅಂದರು.

ಸಿಟ್ಟು ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಲೇಖಕಿಗೆ ಕೊಡಬೇಕಾದ 20 ರೂಪಾಯಿಯನ್ನು ಆ ಅರಿಶಿನದ ಬೆರಳು ಕಿತ್ತುಕೊಂಡಿದೆ, ಎಷ್ಟು ಸಲ ಅಂತ ಗೊತ್ತಿಲ್ಲ. ಅದನ್ನು ಒಪ್ಪಲಾರೆ. ಆದರೆ ರಾತ್ರಿ ಇನ್ನೊಂದು ಯೋಚನೆ ಬಂತು. ಆ ಮನುಷ್ಯನಿಗೆ 87ನೇ ಪುಟ ಬೇಕಿತ್ತು! 86 ಪುಟ ಓದಿದ್ದಾನೆ, ಕಥೆ ತುಂಡಾಯಿತು ಅಂತ ಚಡಪಡಿಸಿದ್ದಾನೆ. ಅವನು ಇದೇ ಜಿಲ್ಲೆಯ ಒಂದು ಹಳ್ಳಿಯವನು. ಆ ಪುಸ್ತಕ ಕೊಳ್ಳಬೇಕು ಅಂತ ಅವನಿಗೆ ಅನ್ನಿಸಿದ್ದರೂ ಹತ್ತಿರದಲ್ಲಿ ಅಂಗಡಿ ಎಲ್ಲಿತ್ತು? ಬೆಂಗಳೂರಿನಲ್ಲಿ ಸಪ್ನಾ ಇದೆ, ಅಂಕಿತ ಇದೆ, ನವಕರ್ನಾಟಕ ಇದೆ. ತಾಲೂಕು ಊರಿನ ಪುಸ್ತಕದಂಗಡಿಗೆ ಹೋದರೆ ಗೈಡು, ನೋಟ್‌ಬುಕ್ಕು, ಡಿಕ್ಷನರಿ. ನಾನು ಅವನ ಊರಿಗೆ ಹೋಗಿರಲಿಲ್ಲ, ಪಿಡಿಎಫ್ ಹೋಗಿತ್ತು.

ಈ ಊರಿನಿಂದ ಹಾವೇರಿ ಏನು ದೂರ? ಅಲ್ಲಿಯ ಗಳಗನಾಥರು, ವೆಂಕಟೇಶ ತಿರಕೋ ಕುಲಕರ್ಣಿ ಅಂತ ಹೆಸರು, ತಮ್ಮ ಕಾದಂಬರಿಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ನಾವು ಇದನ್ನು ತ್ಯಾಗದ ಕಥೆಯಾಗಿ ಹೇಳಿ ಕಣ್ಣೀರು ಹಾಕುತ್ತೇವೆ. ನನಗೆ ಅದರಲ್ಲಿ ವ್ಯಾಪಾರವೂ ಕಾಣುತ್ತದೆ. ಯಾವ ಊರಲ್ಲಿ ಯಾರ ಮನೆಯಲ್ಲಿ ಓದುತ್ತಾರೆ ಅಂತ ಆ ಮನುಷ್ಯನಿಗೆ ಗೊತ್ತಿರಲೇಬೇಕು. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆ ಶುರು ಮಾಡಿದಾಗ ಚಂದಾದಾರರನ್ನು ಮಾಡಿಕೊಂಡರು. ಮೊದಲೇ ದುಡ್ಡು ಕೊಡಿ, ವರ್ಷಕ್ಕಿಷ್ಟು ಪುಸ್ತಕ ಮನೆಗೆ ಬರುತ್ತವೆ. ಗಿರೀಶ ಕಾರ್ನಾಡರ ಮೊದಲ ನಾಟಕ 1961ರಲ್ಲಿ ಬಂದದ್ದು ಅದೇ ಗ್ರಂಥಮಾಲೆಯ ಸುಭಾಸ ರಸ್ತೆಯ ಅಟ್ಟದಿಂದ. ಆಗ ಅವರಿಗೆ ಇನ್ನೂ ಇಪ್ಪತ್ತಮೂರು. ಹೊಸ ಹುಡುಗನನ್ನು ನಂಬಿ ಅಚ್ಚು ಹಾಕಲು ಪ್ರಕಾಶಕನಿಗೆ ಧೈರ್ಯ ಬೇಕು. ಯಾರು ಓದುತ್ತಾರೆ ಅನ್ನುವ ಪಟ್ಟಿ ಕೈಯಲ್ಲಿದ್ದರೆ ಆ ಧೈರ್ಯ ಬರುತ್ತದೆ.

ನಮ್ಮ ತಲೆಮಾರಿನ ಪ್ರಕಾಶಕರು ಆ ಪಟ್ಟಿಯನ್ನು ಕಳೆದುಕೊಂಡೆವು. ಅಂಗಡಿಗೆ ಕೊಟ್ಟೆವು, ಲೈಬ್ರರಿಗೆ ಕೊಟ್ಟೆವು, ಕೈ ತೊಳೆದುಕೊಂಡೆವು. ವಿಚಿತ್ರ ಅಂದರೆ, ಪುಸ್ತಕದ ಶತ್ರು ಅಂತ ನಾವು ಬೈಯುವ ಮೊಬೈಲೇ ಆ ಪಟ್ಟಿಯನ್ನು ಮತ್ತೆ ಮಾಡಿಕೊಡುತ್ತಿದೆ. ಆ 87ನೇ ಪುಟದ ಮೇಲೆ ನಾನು ಒಂದು ವಾಟ್ಸ್ಆ್ಯಪ್ ಪಟ್ಟಿ ಶುರು ಮಾಡಿದೆ. ಹೊಸ ಪುಸ್ತಕದ ಮೊದಲ ಎಂಟು ಪುಟ ಕಳಿಸುತ್ತೇನೆ. ಬೇಕಾದವರು ದುಡ್ಡು ಹಾಕುತ್ತಾರೆ, ನಾನು ಅಂಚೆಗೆ ಹಾಕುತ್ತೇನೆ.

ಅದರ ಲೆಕ್ಕವನ್ನೂ ಕೇಳಿ. 200ರ ಪುಸ್ತಕ, ಓದುಗರಿಗೆ 20 ರಿಯಾಯಿತಿ, ಬಂದದ್ದು 180. ಅಚ್ಚು 75, ರಾಯಲ್ಟಿ 20, ಅಂಚೆ, ಕವರು ಸೇರಿ 45. ಉಳಿದದ್ದು 40. ಅದರಲ್ಲಿ 24 ರೂಪಾಯಿ 40 ಪೈಸೆ ಕಳೆಯಿರಿ. 15 ರೂಪಾಯಿ 60 ಪೈಸೆ. ಶ್ರೀಮಂತನಾಗಲಿಲ್ಲ, ಆದರೆ ಇನ್ನೊಂದು ಪುಸ್ತಕ ಮಾಡಬಹುದು.

ಇಲ್ಲೂ ಒಂದು ಮುಳ್ಳಿದೆ. ನಮ್ಮಂಥವರಿಗೆ ಅಂಚೆಯೇ ಅಂಗಡಿ. ಅಗ್ಗದ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರ್‌ನಲ್ಲಿ ನಿಂತಿತು. 2025ರ ಮೇ ತಿಂಗಳಿನಿಂದ ಜ್ಞಾನ್ ಪೋಸ್ಟ್ ಬಂದಿದೆ, 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100, ಮೇಲೆ ತೆರಿಗೆ. 160 ಪುಟದ ಪುಸ್ತಕ ಸುಮಾರು 200 ಗ್ರಾಂ ತೂಗುತ್ತದೆ. ಪುಸ್ತಕ ದಪ್ಪಗಾಗಿ 300 ದಾಟಿದರೆ ಲೆಕ್ಕ ಏರುಪೇರು. ಈಗ ಹಸ್ತಪ್ರತಿ ಬಂದರೆ ನಾನು ಮೊದಲು ಕಥೆ ನೋಡ್ತೇನೋ ತೂಕ ನೋಡ್ತೇನೋ, ಹೇಳಲು ನಾಚಿಕೆ.

ಎಲ್ಲರೂ ಹೀಗೆ ಮನೆಯಿಂದಲೇ ಮಾರಿದರೆ ಪುಸ್ತಕದಂಗಡಿ ಏನಾಗಬೇಕು ಅಂತ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ಸರಿಯಾದ ಜಾಗಕ್ಕೇ ಚುಚ್ಚಿದಿರಿ. ನನಗೆ ಬೇಕಾದ ಪುಸ್ತಕವನ್ನು ಫೋನು ತೋರಿಸುತ್ತದೆ. ಬೇಕು ಅಂತ ನನಗೇ ಗೊತ್ತಿಲ್ಲದ ಪುಸ್ತಕವನ್ನು ಅಂಗಡಿಯ ಕಪಾಟು ಮಾತ್ರ ತೋರಿಸುತ್ತದೆ. ಅದಕ್ಕೇ 60 ಪೈಸೆ ಸಿಕ್ಕರೂ ಅಂಗಡಿಗೆ ಕೊಡುವುದನ್ನು ನಿಲ್ಲಿಸಿಲ್ಲ. ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಹತ್ತಿರ ಇಲ್ಲ.

ಒಬ್ಬ ಹುಡುಗಿ ಎದ್ದು, ‘ಸರ್, ಆ 60 ಪೈಸೆ ಪುಸ್ತಕ ತಂದೀರೇನು?’ ಅಂದಳು. ತಂದಿದ್ದೆ. ಚೀಲದಲ್ಲಿ 12 ಪ್ರತಿ ಇದ್ದವು, ಮಾತು ಮುಗಿದ ಮೇಲೆ ಒಂಬತ್ತು ಹೋದವು. ಎಲ್ಲರೂ ಫೋನಿನಲ್ಲೇ ದುಡ್ಡು ಹಾಕಿದರು, ಚಿಲ್ಲರೆಗೆ ತಡಕಾಡುವ ಕೆಲಸ ಬರಲಿಲ್ಲ. ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟು ಹೆಸರು, ಊರು, ಪಿನ್‌ಕೋಡ್, ನಂಬರ್ ಬರೆಯಿರಿ ಅಂದೆ. ರಾತ್ರಿ ಬಸ್ಸಿನಲ್ಲಿ ತೆಗೆದು ಎಣಿಸಿದೆ, 31 ಹೆಸರು. ಒಬ್ಬ ತನ್ನ ನಂಬರಿನ ಪಕ್ಕ ಕಂಸದಲ್ಲಿ ಬರೆದಿದ್ದ: ‘ಮೆಸೇಜ್ ಮಾತ್ರ, ಕಾಲ್ ಬ್ಯಾಡ್ರಿ.’